ವಿಫಲವಾಗುವ ಬಗೆಗಳು: ಕಂಪೈಲರಿನ ಆಧಾರ ಲೈಬ್ರರಿ, ಸಿಸ್ಟಮ್ ದೋಷ ಮತ್ತು ಪೋರ್ಟಬಿಲಿಟಿ

(ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿದ್ದ ಪುನರುಕ್ತಿಗಳನ್ನು ತೆಗೆಯಲಾಗಿದೆ. ನಡುವೆ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಳ್ಳಲಾಗಿದೆ.)

ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳು ಬಹುಮಟ್ಟಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಾಗಿ ಪ್ರೋಗ್ರಾಮನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಲೆಕ್ಸ್ ಮತ್ತು ಯಾಕ್ ಎಂಬ ಕಂಪೈಲರ್ ಕಟ್ಟುವ ಸಾಧನಗಳ ಪ್ರಯೋಗಗಳು, ಪಾರ್ಸ್ ಟ್ರೀಗಳು, ಪರೀಕ್ಷೆಗೆ ಬಾಯಿಪಾಠ ಮಾಡಿದ ಫಸ್ಟ್ ಮತ್ತು ಫಾಲೋ ಸೆಟ್‌ಗಳು. ಇವೆಲ್ಲ ಕಂಪೈಲರಿನ ತಿರುಳು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಿತ್ಯ ಬಳಕೆಯ ಕಂಪೈಲರ್ ಇದರ ಜೊತೆಗೆ ನೂರಾರು ಹೆಡರ್ ಫೈಲುಗಳನ್ನು (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಘೋಷಣೆಗಳ ಫೈಲುಗಳನ್ನು) ಹುಡುಕುತ್ತದೆ, ತೆರೆಯುತ್ತದೆ, ಓದುತ್ತದೆ; ಯಂತ್ರಭಾಷೆಯ ಆಬ್ಜೆಕ್ಟ್ ಫೈಲನ್ನು ಬರೆಯುತ್ತದೆ; ಅಸೆಂಬ್ಲರನ್ನೋ ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಲಿಂಕರನ್ನೋ ಬೇರೆ ಪ್ರೋಗ್ರಾಮಾಗಿ ಚಾಲನೆ ಮಾಡುತ್ತದೆ; ಬಳಕೆದಾರ ನಡುವೆಯೇ ಕಂಟ್ರೋಲ್-ಸಿ ಒತ್ತಿದರೆ ಅರೆಬರೆ ಫೈಲುಗಳನ್ನು ಅಳಿಸಿ ಹೊರಡುತ್ತದೆ. ಈ ಕೆಲಸಗಳೆಲ್ಲ ಒಂದು ಪ್ರತ್ಯೇಕ ಲೈಬ್ರರಿಯಲ್ಲಿ ಕೂಡಿರುತ್ತವೆ. ಜಿಸಿಸಿ ಎಂಬ ಕಂಪೈಲರಿನಲ್ಲಿ ಅದರ ಹೆಸರು ಲಿಬ್‌ಐಬರ್ಟಿ, ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯಲ್ಲಿ ಸಪೋರ್ಟ್. ಇಂದು ನಾನು ಮಾತನಾಡುವುದು ಹೆಚ್ಚಾಗಿ ಎರಡನೆಯದರ ಬಗ್ಗೆ.

ಎಲ್‌ಎಲ್‌ವಿಎಂ ಯೋಜನೆ 2000ನೇ ಇಸವಿಯಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಆಪರೇಟಿಂಗ್ ಸಿಸ್ಟಮ್ಮಿಗೆ ಸಂಬಂಧಿಸಿದ ಭಾಗ ಮೊದಲು ಸಿಸ್ಟಮ್ ಎಂಬ ಬೇರೆ ಲೈಬ್ರರಿಯಾಗಿತ್ತು. 2010ರಲ್ಲಿ ಅದನ್ನು ಸಪೋರ್ಟ್‌ನೊಳಗೆ ಸೇರಿಸಿದರು. ಈಗ ಅಲ್ಲಿ ಯುನಿಕ್ಸ್ ಮತ್ತು ವಿಂಡೋಸ್ ಎಂಬ ಎರಡು ಫೋಲ್ಡರುಗಳಿವೆ. ಪಾತ್, ಪ್ರೋಗ್ರಾಮ್, ಪ್ರೋಸೆಸ್, ಸಿಗ್ನಲ್ಸ್, ಮೆಮೊರಿ ಎಂಬ ಅದೇ ಹೆಸರಿನ ಫೈಲುಗಳು ಎರಡರಲ್ಲೂ ಇವೆ. ಎರಡೂ ಒಂದೇ ಹೆಡರಿನಲ್ಲಿ ಕೊಟ್ಟ ಮಾತನ್ನು ನಡೆಸಿಕೊಡುತ್ತವೆ, ಕಂಪೈಲರಿನ ಉಳಿದ ಭಾಗ ಯಾವ ಸಿಸ್ಟಮ್ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ ಎಂಬುದು ಈ ಏರ್ಪಾಡಿನ ಉದ್ದೇಶ.

ಈ ಏರ್ಪಾಡಿನ ಕಠಿಣ ಭಾಗ ಯಾವುದು ಎಂಬುದರಲ್ಲಿ ನನ್ನದೊಂದು ಖಚಿತವಾದ ಅಭಿಪ್ರಾಯವಿದೆ. ಕೆಲಸ ಸಾಂಗವಾಗಿ ನಡೆದಾಗ ಸಿಸ್ಟಮ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ: ಫೈಲ್ ಇದೆ, ತೆರೆಯಿರಿ ಎಂದರೆ ಎಲ್ಲವೂ ತೆರೆದುಕೊಡುತ್ತವೆ. ಕೆಲಸ ಕೆಟ್ಟಾಗ ಮಾತ್ರ ಒಂದೊಂದೂ ಒಂದೊಂದು ರೀತಿಯಲ್ಲಿ ಕೆಡುತ್ತದೆ. ಆದ್ದರಿಂದ ಪೋರ್ಟಬಿಲಿಟಿ (ಒಂದೇ ಕೋಡು ಹಲವು ಸಿಸ್ಟಮ್‌ಗಳಲ್ಲಿ ನಡೆಯುವ ಗುಣ) ಎಂದು ನಾವು ಕರೆಯುವುದರ ಬಹುಪಾಲು ವೈಫಲ್ಯಗಳ ಅರ್ಥವನ್ನು ಹೊಂದಿಸುವ ಕೆಲಸವೇ ಆಗಿದೆ. ದೋಷಗಳ ವ್ಯವಸ್ಥೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮುಂದೂಡಿದ ಲೈಬ್ರರಿ ಎರಡನೆಯ ಸಿಸ್ಟಮ್ಮಿಗೆ ಹೋದ ದಿನವೇ ಕುಂಟತೊಡಗುತ್ತದೆ.

ತೀರ ಸರಳವಾದ ಉದಾಹರಣೆಯಿಂದ ಆರಂಭಿಸುತ್ತೇನೆ. ಕಂಪೈಲರಿನ ಮೊದಲ ಹಂತವಾದ ಪ್ರೀಪ್ರೊಸೆಸರ್ ಒಂದು ಹೆಡರನ್ನು ಹುಡುಕುವಾಗ ಬಳಕೆದಾರ ಕೊಟ್ಟ ಫೋಲ್ಡರುಗಳನ್ನು ಒಂದಾದ ಮೇಲೊಂದರಂತೆ ನೋಡುತ್ತದೆ. ಮೊದಲ ಫೋಲ್ಡರಿನಲ್ಲಿ ಸಿಗದಿದ್ದರೆ ಅದೇನು ಅನಾಹುತವಲ್ಲ, ಮುಂದಿನದಕ್ಕೆ ಹೋದರಾಯಿತು. ಯುನಿಕ್ಸ್ ಬಳಗದಲ್ಲಿ ಫೈಲ್ ಇಲ್ಲದಿದ್ದರೂ, ಆ ಫೋಲ್ಡರೇ ಇಲ್ಲದಿದ್ದರೂ ಬರುವುದು ಒಂದೇ ದೋಷ, ಸಂಖ್ಯೆ 2. ವಿಂಡೋಸ್ ಇಲ್ಲಿ ಹೆಚ್ಚು ಕರಾರುವಾಕ್ಕು: ಫೈಲ್ ಇಲ್ಲದಿದ್ದರೆ 2, ಅದರತ್ತ ಹೋಗುವ ದಾರಿಯೇ ಇಲ್ಲದಿದ್ದರೆ 3. ಲಿನಕ್ಸಿನಲ್ಲಿ ಕುಳಿತು ‘2 ಬಂದರೆ ಮುಂದಿನ ಫೋಲ್ಡರಿಗೆ ಹೋಗು, ಬೇರೆ ಏನೇ ಬಂದರೂ ನಿಲ್ಲು’ ಎಂದು ಬರೆದ ಕೋಡು ವಿಂಡೋಸಿನಲ್ಲಿ, ಯಾರೋ ಅಳಿಸಿಹಾಕಿದ ಒಂದು ಫೋಲ್ಡರಿನ ಹೆಸರು ಪಟ್ಟಿಯಲ್ಲಿ ಉಳಿದುಕೊಂಡ ಕಾರಣಕ್ಕೆ ಇಡೀ ಕಂಪೈಲನ್ನೇ ನಿಲ್ಲಿಸಿಬಿಡುತ್ತದೆ.

ವಿಂಡೋಸ್ ಬೇರೆ ಕುಲದ್ದು, ಯುನಿಕ್ಸ್ ಬಳಗದೊಳಗಾದರೂ ಸಂಖ್ಯೆಗಳು ಒಂದೇ ಇರಬಹುದು ಎಂದು ನೀವು ಭಾವಿಸಬಹುದು. ಸಣ್ಣ ಸಂಖ್ಯೆಗಳ ಮಟ್ಟಿಗೆ ಅದು ಬಹುತೇಕ ನಿಜ, ಆಮೇಲೆ ಅಲ್ಲ. ‘ಈಗ ಆಗದು, ಮತ್ತೆ ಪ್ರಯತ್ನಿಸಿ’ ಎಂಬ ದೋಷ ಲಿನಕ್ಸಿನಲ್ಲಿ 11, ಮ್ಯಾಕ್‌ನಲ್ಲಿ 35. ಡೆಡ್‌ಲಾಕ್ ಆಗುತ್ತದೆ ಎಂಬ ಎಚ್ಚರಿಕೆಯ ದೋಷ ಲಿನಕ್ಸಿನಲ್ಲಿ 35, ಮ್ಯಾಕ್‌ನಲ್ಲಿ 11. ಒಂದು ಸಿಸ್ಟಮ್ಮಿನ ಸಂಖ್ಯೆಯನ್ನು ಇನ್ನೊಂದರ ಪಟ್ಟಿಯಲ್ಲಿ ಹುಡುಕಿದವನಿಗೆ ಅರ್ಥ ಸರಿಯಾಗಿ ತಲೆಕೆಳಗಾಗಿ ಸಿಗುತ್ತದೆ. 32 ಎಂಬ ಸಂಖ್ಯೆ ಲಿನಕ್ಸಿನಲ್ಲಿ ಮುರಿದ ಪೈಪನ್ನು ಸೂಚಿಸಿದರೆ, ವಿಂಡೋಸಿನಲ್ಲಿ ಆ ಫೈಲನ್ನು ಬೇರೊಂದು ಪ್ರೋಗ್ರಾಮು ಹಿಡಿದುಕೊಂಡಿದೆ ಎಂಬುದನ್ನು ಸೂಚಿಸುತ್ತದೆ. ಬರೀ ಸಂಖ್ಯೆಗೆ ಅರ್ಥವಿಲ್ಲ. ಸರ್ವೆ ನಂಬರನ್ನಷ್ಟೇ ಹೇಳಿ ಊರಿನ ಹೆಸರು ಬಿಟ್ಟರೆ ಹೊಲ ಯಾವುದೆಂದು ತಲಾಠಿಗೂ ತಿಳಿಯುವುದಿಲ್ಲ.

2011ರ ಸಿ ಪ್ಲಸ್ ಪ್ಲಸ್ ಮಾನಕ ಈ ಊರಿನ ಹೆಸರನ್ನು ಸೇರಿಸಿತು. ಬೂಸ್ಟ್ ಎಂಬ ಸಿ ಪ್ಲಸ್ ಪ್ಲಸ್ ಲೈಬ್ರರಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ವಿನ್ಯಾಸವನ್ನು ತೆಗೆದುಕೊಂಡು ಅದು ಎರಡು ವಿಧಗಳನ್ನು ಕೊಟ್ಟಿದೆ. ಮೊದಲನೆಯದು ಎರರ್ ಕೋಡ್: ಒಂದು ಸಂಖ್ಯೆ, ಅದರ ಜೊತೆಗೆ ಆ ಸಂಖ್ಯೆ ಯಾವ ವರ್ಗಕ್ಕೆ ಸೇರಿದ್ದು ಎಂಬ ಗುರುತು. ಎರಡನೆಯದು ಎರರ್ ಕಂಡಿಷನ್: ಯಾವ ಸಿಸ್ಟಮ್ಮಿಗೂ ಸೇರದ, ನಾವು ಕೇಳಬಯಸುವ ಪ್ರಶ್ನೆ. ಮೇಲಿನ ಉದಾಹರಣೆಯಲ್ಲಿ ನಮಗೆ ಬೇಕಾದದ್ದು ‘ಫೈಲ್ ಅಲ್ಲಿ ಇಲ್ಲ ಎಂಬುದೇ ಕಾರಣವೋ?’ ಎಂಬ ಪ್ರಶ್ನೆಗೆ ಉತ್ತರ ಮಾತ್ರ. ಆ ಉತ್ತರ 2ರಿಂದ ಬಂದಿತೋ 3ರಿಂದ ಬಂದಿತೋ ಎಂಬುದು ವರ್ಗಕ್ಕೆ ಬಿಟ್ಟ ವಿಷಯ. ಹಳೆಯ ಕಂಪೈಲರುಗಳಲ್ಲೂ ತಾನು ಕಟ್ಟಲ್ಪಡಬೇಕಾಗಿದ್ದರಿಂದ ಎಲ್‌ಎಲ್‌ವಿಎಂ ಕೆಲವು ವರ್ಷ ಈ ವಿನ್ಯಾಸದ ತನ್ನದೇ ಪ್ರತಿಯನ್ನು ಇಟ್ಟುಕೊಂಡಿತ್ತು, 2014ರಲ್ಲಿ ಹೊಸ ಮಾನಕಕ್ಕೆ ಬದಲಾದಾಗ ಅದನ್ನು ಕೈಬಿಟ್ಟಿತು. ಕಂಪೈಲರನ್ನು ಕಟ್ಟಲು ಇನ್ನೊಂದು ಕಂಪೈಲರ್ ಬೇಕು ಎಂಬ ಬಂಧನ ಇಂಥ ಕಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ವಿಂಡೋಸಿನ ಸಂಖ್ಯೆಗಳನ್ನು ಸಾಮಾನ್ಯ ಅರ್ಥಗಳಿಗೆ ಹೊಂದಿಸಲು ಸಪೋರ್ಟ್ ಲೈಬ್ರರಿಯಲ್ಲಿ ಒಂದು ಕೋಷ್ಟಕವಿದೆ. ಈ ಹೊಂದಾಣಿಕೆಗೆ ತೆರಬೇಕಾದ ಬೆಲೆಯನ್ನು ನೀವು ಪ್ರಯೋಗಾಲಯದಲ್ಲಿ ಕಂಡೇ ಇರುತ್ತೀರಿ. ಬರೆದ ಪ್ರೋಗ್ರಾಮನ್ನು ಓಡಿಸಿ, ಅದರ ಕಪ್ಪು ಕಿಟಕಿಯನ್ನು ಮುಚ್ಚದೆ, ಕೋಡು ತಿದ್ದಿ ಮತ್ತೆ ಕಂಪೈಲ್ ಮಾಡಿದರೆ ವಿಂಡೋಸಿನ ಕಂಪ್ಯೂಟರಿನಲ್ಲಿ ಲಿಂಕರ್ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಹೊಸಬ ವಿದ್ಯಾರ್ಥಿ ತನಗೆ ಅಡ್ಮಿನ್ ಅಧಿಕಾರ ಇಲ್ಲವೆಂದು ಲ್ಯಾಬ್ ಸಹಾಯಕರನ್ನು ಹುಡುಕಿಕೊಂಡು ಹೋಗುತ್ತಾನೆ. ಅಧಿಕಾರದ ಪ್ರಶ್ನೆಯೇ ಅಲ್ಲಿಲ್ಲ. ಓಡುತ್ತಿರುವ ಪ್ರೋಗ್ರಾಮಿನ ಫೈಲನ್ನು ವಿಂಡೋಸ್ ತಿದ್ದಗೊಡುವುದಿಲ್ಲ, ಅಷ್ಟೆ. ಆದರೆ ಹಾಗೆ ಬೇರೊಬ್ಬರು ಹಿಡಿದುಕೊಂಡಿದ್ದಾರೆ ಎಂಬ ಅರ್ಥದ ದೋಷವನ್ನು ಹೊಂದಾಣಿಕೆಯ ಕೋಷ್ಟಕಗಳು ಅನುಮತಿ ಇಲ್ಲ ಎಂಬುದರ ಕೆಳಗೆ ಹಾಕಿಬಿಟ್ಟಿವೆ. ಆದ್ದರಿಂದ ನನ್ನ ಮಟ್ಟಿಗೆ ನಿಯಮ ಹೀಗಿದೆ: ನಿರ್ಧಾರ ತೆಗೆದುಕೊಳ್ಳುವ ಕೋಡಿಗೆ ಸಾಮಾನ್ಯ ಅರ್ಥ ಸಾಕು, ಮನುಷ್ಯರಿಗೆ ತೋರಿಸುವ ಸಂದೇಶಕ್ಕೆ ಸಿಸ್ಟಮ್ ಕೊಟ್ಟ ಮೂಲ ಸಂಖ್ಯೆ ಬೇಕು. ಕೆಳಗಿನ ಪದರ ಎರಡನ್ನೂ ಮೇಲಕ್ಕೆ ಮುಟ್ಟಿಸಬೇಕು. ಹಲವು ಲೈಬ್ರರಿಗಳು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತವೆ.

ದೋಷ ಸಂಖ್ಯೆಯನ್ನು ಓದುವ ಹೊತ್ತಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಸಿ ಭಾಷೆಯ ಎರ್‌ನೋ ಆಗಲಿ, ವಿಂಡೋಸಿನ ಗೆಟ್-ಲಾಸ್ಟ್-ಎರರ್ ಆಗಲಿ, ಕೊನೆಯ ವೈಫಲ್ಯದ ಕಾರಣವನ್ನು ಹೇಳುತ್ತವೆ. ಯಶಸ್ವಿಯಾದ ಕರೆ (ಸಿಸ್ಟಮ್ಮಿಗೆ ಮಾಡಿದ ಕೋರಿಕೆ) ಅದನ್ನು ಸೊನ್ನೆ ಮಾಡುತ್ತದೆ ಎಂಬ ಭರವಸೆ ಇಲ್ಲ. ಕರೆ ವಿಫಲವಾದ ಮೇಲೆ ಲಾಗಿನಲ್ಲಿ ಒಂದು ಸಾಲು ಬರೆದು ಆಮೇಲೆ ಸಂಖ್ಯೆಯನ್ನು ಓದಿದರೆ, ಅದು ಲಾಗ್ ಬರೆಯುವಾಗ ಆದ ದೋಷದ ಸಂಖ್ಯೆಯಾಗಿರಬಹುದು. ಸಿ ಪ್ಲಸ್ ಪ್ಲಸ್‌ನಲ್ಲಿ ಅಪಾಯ ಇನ್ನೂ ಮರೆಯಾಗಿರುತ್ತದೆ, ಏಕೆಂದರೆ ವಸ್ತು ನಾಶವಾಗುವಾಗ ನಾವು ಕರೆಯದೆಯೇ ಓಡುವ ಡಿಸ್ಟ್ರಕ್ಟರೊಂದು ನಡುವೆ ಬಂದು ಫೈಲ್ ಮುಚ್ಚಿರುತ್ತದೆ. ಸಂಖ್ಯೆಯನ್ನು ವಾಕ್ಯವಾಗಿಸುವ ಸ್ಟ್ರ್-ಎರರ್-ಆರ್ ಎಂಬ ಕರೆಯಲ್ಲೂ ಇಂಥದೇ ತೊಡಕಿದೆ: ಗ್ನೂ ಆವೃತ್ತಿ ಪಠ್ಯದ ವಿಳಾಸವನ್ನು ಹಿಂದಿರುಗಿಸಿದರೆ ಯುನಿಕ್ಸ್ ಬಳಗದ ಮಾನಕವಾದ ಪೋಸಿಕ್ಸ್‌ನ ಆವೃತ್ತಿ ಒಂದು ಪೂರ್ಣಾಂಕವನ್ನು ಹಿಂದಿರುಗಿಸುತ್ತದೆ. ಇಂಥವುಗಳನ್ನು ಒಂದೇ ಕಡೆ ಮುಚ್ಚಿಡುವುದಕ್ಕಾಗಿಯೇ ಆಧಾರ ಲೈಬ್ರರಿ ಇರುವುದು.

ಸಿಗ್ನಲ್ (ಓಡುತ್ತಿರುವ ಪ್ರೋಗ್ರಾಮಿಗೆ ಸಿಸ್ಟಮ್ ಕಳಿಸುವ ಸೂಚನೆ) ಬಂದು ಕರೆ ಅರ್ಧಕ್ಕೆ ನಿಂತಾಗ ಯುನಿಕ್ಸ್ ಕೊಡುವ ದೋಷ ಲಿನಕ್ಸಿನಲ್ಲಿ 4. ಇದು ನಿಜವಾದ ವೈಫಲ್ಯವಲ್ಲ, ಮತ್ತೆ ಕೇಳಿದರೆ ಕೆಲಸವಾಗುತ್ತದೆ. ಹಾಗಾಗಿ ಓದುವ, ತೆರೆಯುವ ಕರೆಗಳನ್ನು ಸುತ್ತಿ ಮತ್ತೆ ಮತ್ತೆ ಪ್ರಯತ್ನಿಸುವ ಒಂದು ಸಣ್ಣ ಫಂಕ್ಷನ್ ಎಲ್‌ಎಲ್‌ವಿಎಂನಲ್ಲಿ ಇದೆ. ಆದರೆ ಫೈಲ್ ಮುಚ್ಚುವ ಕರೆಗೆ ಅದೇ ಉಪಾಯ ಹೂಡಿದರೆ ಕೆಟ್ಟಿತು. ಲಿನಕ್ಸಿನಲ್ಲಿ ಈ ದೋಷ ಬರುವ ಹೊತ್ತಿಗೆ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲನ್ನು ಗುರುತಿಸುವ ಸಂಖ್ಯೆ) ಬಿಡುಗಡೆಯಾಗಿಯೇ ಹೋಗಿರುತ್ತದೆ. ಅಷ್ಟರಲ್ಲಿ ಇನ್ನೊಂದು ಥ್ರೆಡ್ ಅದೇ ಸಂಖ್ಯೆಯ ಹೊಸ ಫೈಲ್ ತೆರೆದಿದ್ದರೆ, ಎರಡನೆಯ ಸಲ ಮುಚ್ಚುವವನು ಅದನ್ನು ಮುಚ್ಚಿಬಿಡುತ್ತಾನೆ. ಎಚ್‌ಪಿ-ಯುಎಕ್ಸ್ ಎಂಬ ಇನ್ನೊಂದು ಯುನಿಕ್ಸಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧ: ಅಲ್ಲಿ ಮತ್ತೆ ಮುಚ್ಚಲೇಬೇಕು. ಸಪೋರ್ಟ್ ಲೈಬ್ರರಿ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಅದು ಸಿಗ್ನಲ್‌ಗಳನ್ನೆಲ್ಲ ಕ್ಷಣಕಾಲ ತಡೆದು, ಫೈಲನ್ನು ಮುಚ್ಚಿ, ಮತ್ತೆ ಬಿಡುತ್ತದೆ. ಯಾರ ನಿಯಮ ಸರಿ ಎಂದು ತೀರ್ಮಾನಿಸುವ ಗೋಜಿಗೆ ಹೋಗದೆ ಆ ಪ್ರಶ್ನೆ ಹುಟ್ಟದಂತೆಯೇ ನೋಡಿಕೊಳ್ಳುತ್ತದೆ.

ಬರೆಯುವ ಕೆಲಸಕ್ಕೆ ಬಂದರೆ ವಿಷಯ ಇನ್ನಷ್ಟು ದಟ್ಟವಾಗುತ್ತದೆ. ಕಂಪೈಲರ್ ಮಾಡುವ ಅತ್ಯಂತ ದೊಡ್ಡ ಅಪರಾಧ ಯಾವುದೆಂದು ನನ್ನನ್ನು ಕೇಳಿದರೆ, ಅರ್ಧ ಬರೆದ ಆಬ್ಜೆಕ್ಟ್ ಫೈಲನ್ನು ಬಿಟ್ಟು ಎಲ್ಲ ಸರಿಯಾಯಿತು ಎಂದು ಹೊರಡುವುದು ಎನ್ನುತ್ತೇನೆ. ಯಾವ ಫೈಲನ್ನು ಮತ್ತೆ ಕಟ್ಟಬೇಕೆಂದು ತೀರ್ಮಾನಿಸುವ ಮೇಕ್ ಎಂಬ ಸಾಧನ ನೋಡುವುದು ಫೈಲಿನ ಸಮಯವನ್ನು ಮಾತ್ರ. ಅರ್ಧ ಫೈಲೂ ಹೊಸ ಫೈಲೇ. ಮುಂದಿನ ಸಲ ಅದು ಆ ಫೈಲನ್ನು ಮತ್ತೆ ಕಟ್ಟುವುದಿಲ್ಲ, ದೋಷ ಬೇರೆಲ್ಲೋ ಲಿಂಕರಿನ ಬಾಯಲ್ಲಿ ಅರ್ಥವಾಗದ ರೂಪದಲ್ಲಿ ಹೊರಬರುತ್ತದೆ. ಬರೆಯುವ ಕರೆ ಕೇಳಿದಷ್ಟನ್ನೂ ಬರೆಯಬೇಕೆಂದಿಲ್ಲ, ಭಾಗಶಃ ಬರೆದು ಎಷ್ಟು ಬರೆದೆ ಎಂದು ಹೇಳಬಹುದು. ಲಿನಕ್ಸಿನಲ್ಲಿ ಒಂದೇ ಕರೆಗೆ 2,147,479,552 ಬೈಟುಗಳ ಮಿತಿಯಿದೆ. ಅದಕ್ಕೇ ಸಪೋರ್ಟ್ ಲೈಬ್ರರಿ ಅಲ್ಲಿ ಒಮ್ಮೆಗೆ ಒಂದು ಗಿಗಾಬೈಟಿಗಿಂತ ಹೆಚ್ಚು ಕಳಿಸುವುದಿಲ್ಲ. ಇನ್ನು ನೆಟ್‌ವರ್ಕ್ ಫೈಲ್ ಸಿಸ್ಟಮ್‌ಗಳಲ್ಲಿ ಡಿಸ್ಕ್ ತುಂಬಿದೆ ಎಂಬ ಸುದ್ದಿ ಬರೆಯುವಾಗ ಬಾರದೆ, ಫೈಲ್ ಮುಚ್ಚುವಾಗ ಬರಬಹುದು. ಮುಚ್ಚುವ ಕರೆಯ ಉತ್ತರವನ್ನು ಯಾರೂ ನೋಡುವುದಿಲ್ಲ ಎಂಬುದು ನಮ್ಮ ಪಠ್ಯಪುಸ್ತಕಗಳ ಉದಾಹರಣೆಗಳಿಂದಲೇ ಅಂಟಿಕೊಂಡ ಚಾಳಿ.

ಇದಕ್ಕೆ ರೂಢಿಯ ಪರಿಹಾರವೆಂದರೆ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಲ್ಲ ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಿಸುವುದು. ಯುನಿಕ್ಸಿನಲ್ಲಿ ಹೆಸರು ಬದಲಿಸುವಿಕೆ ಒಂದೇ ಹೆಜ್ಜೆಯಲ್ಲಿ ಆಗುತ್ತದೆ: ನೋಡುವವರಿಗೆ ಹಳೆಯ ಫೈಲ್ ಕಾಣುತ್ತದೆ, ಇಲ್ಲವೇ ಹೊಸದು ಕಾಣುತ್ತದೆ. ತಾತ್ಕಾಲಿಕ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟರೆ ಮಾತ್ರ ಈ ಬದಲಾವಣೆ ನಡೆಯುವುದಿಲ್ಲ, ಆದ್ದರಿಂದ ಅದು ಗುರಿಯ ಪಕ್ಕದಲ್ಲೇ ಇರಬೇಕು. ವಿಂಡೋಸಿನಲ್ಲಿ ಗುರಿಯ ಫೈಲನ್ನು ಬೇರೊಬ್ಬರು ತೆರೆದಿದ್ದರೆ ಬದಲಾವಣೆ ನಿರಾಕರಿಸಲ್ಪಡುವ ಸಂಭವ ಹೆಚ್ಚು. ಆ ‘ಬೇರೊಬ್ಬರು’ ಬಹಳ ಸಲ ಈಗಷ್ಟೇ ಹುಟ್ಟಿದ ಫೈಲನ್ನು ತಪಾಸಣೆ ಮಾಡುತ್ತಿರುವ ಆಂಟಿವೈರಸ್. ಹಾಗಾಗಿ ಅಲ್ಲಿ ಸಪೋರ್ಟ್ ಲೈಬ್ರರಿ ಸ್ವಲ್ಪ ಸ್ವಲ್ಪ ಹೊತ್ತು ಕಾದು ಹಲವು ಬಾರಿ ಪ್ರಯತ್ನಿಸುತ್ತದೆ. ಇದು ಅಂದವಾದ ಕೋಡಲ್ಲ. ಆದರೆ ಈ ಕೊಳೆ ಎಲ್ಲೋ ಒಂದು ಕಡೆ ಇರಲೇಬೇಕು, ಮತ್ತು ಅದು ಇರಬೇಕಾದದ್ದು ಇಲ್ಲೇ.

ಈ ಹಂತದಲ್ಲಿ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ, ಡಿಸ್ಕ್ ತುಂಬಿದ್ದು ಕಂಪೈಲರಿಂದ ತಪ್ಪೇನ್ರಿ? ಅದ್ಯಾಕ ಅದಕ್ಕ ಇಷ್ಟ್ ತಲಿ ಕೆಡಿಸ್ಕೋಬೇಕು?” ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿತು.

ಡಿಸ್ಕ್ ತುಂಬಿದ್ದು ಕಂಪೈಲರಿನ ತಪ್ಪಲ್ಲ; ತುಂಬಿದ್ದನ್ನು ಹೇಳದಿರುವುದು ಅದರ ತಪ್ಪು. ಎಲ್‌ಎಲ್‌ವಿಎಂ ದೋಷಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಪ್ರೋಗ್ರಾಮಿನ ಒಳಗಿನ ನಿಯಮವೇ ಮುರಿದಿದ್ದರೆ ಅದು ಪ್ರೋಗ್ರಾಮರನ ದೋಷ, ಅಸರ್ಟ್ ಎಂಬ ತಪಾಸಣೆಯ ಮೂಲಕ ಅಲ್ಲೇ ನಿಲ್ಲಿಸಬೇಕು. ಫೈಲ್ ಇಲ್ಲ, ಡಿಸ್ಕ್ ತುಂಬಿದೆ, ಫೈಲಿನೊಳಗಿನ ಮಾಹಿತಿ ಕೆಟ್ಟಿದೆ ಎಂಬಂಥವು ಹೊರಗಿನ ಜಗತ್ತಿನಿಂದ ಬರುವವು. ಇವನ್ನು ಮೇಲಿನವರಿಗೆ ಮುಟ್ಟಿಸಿ ನಿರ್ಧಾರವನ್ನು ಅವರಿಗೆ ಬಿಡಬೇಕು. ಎಲ್‌ಎಲ್‌ವಿಎಂ ಸಿ ಪ್ಲಸ್ ಪ್ಲಸ್‌ನ ದೋಷವನ್ನು ತಾನಾಗಿ ಮೇಲಕ್ಕೆ ಎಸೆಯುವ ಎಕ್ಸೆಪ್ಷನ್ ಸೌಲಭ್ಯವನ್ನು ಬಳಸುವುದಿಲ್ಲವಾದ್ದರಿಂದ ಮುಟ್ಟಿಸುವ ಕೆಲಸ ಹಿಂದಿರುಗಿಸುವ ಮೌಲ್ಯದ ಮೂಲಕವೇ ಆಗಬೇಕು. ಅದಕ್ಕಾಗಿ 2016ರಲ್ಲಿ ಎರರ್ ಮತ್ತು ಎಕ್ಸ್‌ಪೆಕ್ಟೆಡ್ ಎಂಬ ವಿಧಗಳು ಬಂದವು. ಇವುಗಳ ವಿಶೇಷವೆಂದರೆ, ಬಂದ ದೋಷವನ್ನು ಪರೀಕ್ಷಿಸದೆ ಬಿಟ್ಟರೆ, ತಪಾಸಣೆ ಚಾಲೂ ಇರುವ ಬಿಲ್ಡ್‌ಗಳಲ್ಲಿ ಪ್ರೋಗ್ರಾಮು ಅಲ್ಲೇ ಸಾಯುತ್ತದೆ. ದೋಷವೇ ಇಲ್ಲದ ಯಶಸ್ಸಿನ ಮೌಲ್ಯವನ್ನು ಪರೀಕ್ಷಿಸದಿದ್ದರೂ ಹಾಗೆಯೇ. ಇದು ಅತಿಯಾಯಿತು ಎಂದು ಮೊದಲ ನೋಟಕ್ಕೆ ತೋರುತ್ತದೆ, ಆದರೆ ದೋಷದ ದಾರಿಗಳು ಪರೀಕ್ಷೆಯಲ್ಲಿ ಓಡುವುದೇ ಅಪರೂಪವಾಗಿರುವಾಗ, ಯಶಸ್ಸಿನ ದಾರಿಯಲ್ಲೇ ಮರೆವನ್ನು ಹಿಡಿಯುವ ಉಪಾಯ ಇದೊಂದೇ.

ಫೈಲಿಗೆ ಬರೆಯುವ ಸ್ಟ್ರೀಮಿನದೂ ಇದೇ ನಿಲುವು. ಸ್ಟ್ರೀಮ್ ತನಗಾದ ದೋಷವನ್ನು ನೆನಪಿಟ್ಟುಕೊಳ್ಳುತ್ತದೆ. ಅದು ನಾಶವಾಗುವ ಹೊತ್ತಿನವರೆಗೂ ಯಾರೂ ವಿಚಾರಿಸದಿದ್ದರೆ, ತಾನೇ ಸಂದೇಶ ಕೊಟ್ಟು ಇಡೀ ಪ್ರೋಗ್ರಾಮನ್ನು ವಿಫಲವೆಂದು ಮುಗಿಸುತ್ತದೆ. ಮತ್ತು ನಿಮ್ಮ ಗೆಳತಿ ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಕೋಡಿನಲ್ಲಿದೆ. ಕಂಪೈಲರ್ ಕುಸಿದಾಗ ಸಾಮಾನ್ಯವಾಗಿ ‘ಬಗ್ ರಿಪೋರ್ಟ್ ಕಳಿಸಿ’ ಎಂಬ ಮನವಿಯೂ ದೊಡ್ಡ ಡಯಾಗ್ನಾಸ್ಟಿಕ್ ಮಾಹಿತಿಯೂ ಹೊರಬರುತ್ತವೆ; ಈ ಸಂದರ್ಭದಲ್ಲಿ ಅದನ್ನು ಬೇಡವೆಂದು ಸ್ಪಷ್ಟವಾಗಿ ಆರಿಸಿದ್ದಾರೆ, ಏಕೆಂದರೆ ತುಂಬಿದ ಡಿಸ್ಕನ್ನು ಖಾಲಿ ಮಾಡಬೇಕಾದವನು ಬಳಕೆದಾರ, ಕಂಪೈಲರ್ ಬರೆದವರಲ್ಲ.

ಎಲ್ಲ ವೈಫಲ್ಯಗಳೂ ಸಂಖ್ಯೆಯ ರೂಪದಲ್ಲಿ ಬರುತ್ತವೆ ಎಂದೂ ತಿಳಿಯಬೇಡಿ. ಮೂಲ ಫೈಲನ್ನು ವೇಗವಾಗಿ ಓದಲು ಅದನ್ನು ನೇರವಾಗಿ ಮೆಮೊರಿಗೆ ಮ್ಯಾಪ್ ಮಾಡುವುದುಂಟು. ಹಾಗೆ ಮಾಡಿದ ಮೇಲೆ ಎಡಿಟರ್ ಆ ಫೈಲನ್ನು ಮೊಟಕುಗೊಳಿಸಿದರೆ, ಯುನಿಕ್ಸಿನಲ್ಲಿ ಇಲ್ಲವಾದ ಪುಟವನ್ನು (ಮೆಮೊರಿಯನ್ನು ಹಂಚುವ ನಿಗದಿತ ಅಳತೆಯ ತುಂಡನ್ನು) ಮುಟ್ಟಿದ ಕೂಡಲೇ ಬಸ್ ಎರರ್ ಸಿಗ್ನಲ್ ಬಂದು ಕಂಪೈಲರೇ ಸಾಯುತ್ತದೆ. ವಿಂಡೋಸಿನಲ್ಲಿ ಮೊಟಕುಗೊಳಿಸಲು ಹೋದ ಎಡಿಟರಿಗೆ ದೋಷ ಬರುತ್ತದೆ. ಒಂದೇ ಘಟನೆ, ಆದರೆ ಪೆಟ್ಟು ಬೀಳುವುದು ಬೇರೆ ಬೇರೆಯವರಿಗೆ. ಇದರ ಜೊತೆಗೆ, ಫೈಲಿನ ಕೊನೆಯಲ್ಲಿ ಒಂದು ಸೊನ್ನೆ ಬೈಟ್ ಇರುತ್ತದೆ ಎಂದು ಮೂಲ ಪಠ್ಯವನ್ನು ಪದಗಳಾಗಿ ಒಡೆಯುವ ಲೆಕ್ಸರ್ ನಂಬಿರುತ್ತದೆ. ಮ್ಯಾಪ್ ಮಾಡಿದಾಗ ಕೊನೆಯ ಪುಟದ ಉಳಿದ ಭಾಗ ಸೊನ್ನೆಗಳಿಂದ ತುಂಬಿರುವುದರಿಂದ ಈ ನಂಬಿಕೆ ತಾನಾಗಿ ನಿಲ್ಲುತ್ತದೆ, ಫೈಲಿನ ಅಳತೆ ಪುಟದ ಅಳತೆಯ ಪೂರ್ಣ ಗುಣಕವಾಗಿರುವ ಸಂದರ್ಭವನ್ನು ಬಿಟ್ಟು. ಆಗ ಮ್ಯಾಪ್ ಮಾಡದೆ ಓದಿಕೊಳ್ಳಬೇಕು. ಪುಟದ ಅಳತೆ ಸಾಮಾನ್ಯ ಪಿಸಿಗಳಲ್ಲಿ 4096 ಬೈಟು, ಆಪಲ್‌ನ ಹೊಸ ಚಿಪ್‌ಗಳಲ್ಲಿ 16384. ಕೋಡಿನಲ್ಲಿ 4096 ಎಂದು ಬರೆದಿಟ್ಟವನಿಗೆ ಇದೂ ಒಂದು ಪಾಠ.

ನಮ್ಮ ಭಾಷೆಗೇ ಸಂಬಂಧಿಸಿದ ಒಂದು ಸಂಗತಿಯನ್ನು ಬಿಡುವಂತಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ‘ಬಾಗಲಕೋಟೆ’ ಎಂಬ ಹೆಸರಿನ ಫೋಲ್ಡರ್ ಇದೆ ಎನ್ನಿ. ಅದರಲ್ಲಿ ಯುನಿಕೋಡಿನ 8 ಸಂಕೇತಗಳಿವೆ. ಯುಟಿಎಫ್-8 ಎಂಬ ಬರೆಯುವ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಒಟ್ಟು 24. ವಿಂಡೋಸ್ ಬಳಸುವ ಯುಟಿಎಫ್-16ರಲ್ಲಿ 2 ಬೈಟಿನಂತೆ 16. ವಿಂಡೋಸಿನ ಹಳೆಯ ಕರೆಗಳು ಹೆಸರನ್ನು ಸಿಸ್ಟಮ್ಮಿನ ಕೋಡ್ ಪೇಜಿನ (ಅಕ್ಷರಗಳ ಸಂಕೇತ ಪಟ್ಟಿಯ) ಮೂಲಕ ತೆಗೆದುಕೊಳ್ಳುತ್ತವೆ, ಮತ್ತು ಕನ್ನಡಕ್ಕೆ ಅಂಥ ಕೋಡ್ ಪೇಜನ್ನು ವಿಂಡೋಸ್ ಕೊಟ್ಟೇ ಇಲ್ಲ. ಹಾಗಾಗಿ ಆ ಕರೆಗಳನ್ನು ಬಳಸಿದ ಸಾಧನ ‘ಫೈಲ್ ಸಿಗಲಿಲ್ಲ’ ಎನ್ನುತ್ತದೆ. ಫೈಲ್ ಕಣ್ಣೆದುರೇ ಇದೆ, ಹುಡುಕಿದ್ದು ಪ್ರಶ್ನಾರ್ಥಕ ಚಿಹ್ನೆಗಳ ಹೆಸರನ್ನು. ಎಲ್‌ಎಲ್‌ವಿಎಂ ಒಳಗೆಲ್ಲ ಯುಟಿಎಫ್-8 ಇಟ್ಟುಕೊಂಡು, ವಿಂಡೋಸಿನ ಗಡಿಯಲ್ಲಿ ಮಾತ್ರ ಯುಟಿಎಫ್-16ಕ್ಕೆ ಬದಲಿಸಿ ಅಗಲ ಅಕ್ಷರದ ಕರೆಗಳನ್ನು ಬಳಸುವುದು ಇದಕ್ಕಾಗಿ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು; ‘ಕೋ’ದಲ್ಲಿರುವ ಒಂದು ಸ್ವರಚಿಹ್ನೆ ಅಲ್ಲಿ ಮೂರಾಗಿ, 8 ಸಂಕೇತಗಳ ಹೆಸರು 10 ಆಗುತ್ತಿತ್ತು. ಬೈಟುಗಳನ್ನು ಹೋಲಿಸಿ ಒಂದೇ ಫೈಲೋ ಅಲ್ಲವೋ ಎಂದು ತೀರ್ಮಾನಿಸುವ ಕೋಡು ಇಲ್ಲಿ ಸೋಲುತ್ತದೆ. ಉದ್ದದ ಮಿತಿಯಲ್ಲೂ ಇದೇ ಕಥೆ: ಲಿನಕ್ಸಿನ ಫೈಲ್ ಸಿಸ್ಟಮ್ಮಾದ ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟು, ಅಂದರೆ ಕನ್ನಡದ 85 ಸಂಕೇತಗಳು, ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ 255 ಯುಟಿಎಫ್-16 ಘಟಕಗಳು. ವಿಂಡೋಸಿನಲ್ಲಿ ನಿರಾತಂಕವಾಗಿ ಉಳಿಸಿದ ಉದ್ದನೆಯ ಕನ್ನಡ ಹೆಸರು ಲಿನಕ್ಸಿಗೆ ನಕಲಾಗದೆ ನಿಲ್ಲುವುದು ಇದರಿಂದ. ಅತ್ತ ವಿಂಡೋಸಿನಲ್ಲಿ ಪೂರ್ತಿ ದಾರಿಗೆ ರೂಢಿಯ ಮಿತಿ 260 ಘಟಕಗಳು.

ಇವನ್ನೆಲ್ಲ ಪರೀಕ್ಷಿಸುವ ಬಗೆಯಲ್ಲೂ ಸಿಸ್ಟಮ್‌ಗಳ ವ್ಯತ್ಯಾಸ ಇಣುಕುತ್ತದೆ. ಫೈಲ್ ಇಲ್ಲ ಎಂಬ ಸಂದೇಶ ಲಿನಕ್ಸಿನಲ್ಲಿ ದೊಡ್ಡಕ್ಷರದಿಂದ, ಎಲ್‌ಎಲ್‌ವಿಎಂನ ವಿಂಡೋಸ್ ಬಿಲ್ಡಿನಲ್ಲಿ ಸಣ್ಣಕ್ಷರದಿಂದ ಆರಂಭವಾಗುತ್ತದೆ. ಐಬಿಎಂನ ಮೇನ್‌ಫ್ರೇಮ್ ಸಿಸ್ಟಮ್ಮಾದ ಜೆಡ್/ಓಎಸ್ ತನ್ನದೊಂದು ಸಂದೇಶ ಸಂಖ್ಯೆಯನ್ನು ಮುಂದೆ ಸೇರಿಸುತ್ತದೆ. ಅದಕ್ಕೇ ಎಲ್‌ಎಲ್‌ವಿಎಂನ ಪರೀಕ್ಷೆಗಳಲ್ಲಿ ಸಂದೇಶದ ಪಠ್ಯವನ್ನು ನೇರವಾಗಿ ಬರೆಯದೆ, ದೋಷದ ಹೆಸರನ್ನು ಬರೆದು, ಆಯಾ ಸಿಸ್ಟಮ್ಮಿನ ಪಠ್ಯ ಓಡುವಾಗ ತುಂಬಿಕೊಳ್ಳುವಂತೆ ಮಾಡಿದ್ದಾರೆ.

ಡಿಸ್ಕನ್ನು ನಿಜವಾಗಿ ತುಂಬಿಸುವ ಅಗತ್ಯವೂ ನಿಮಗಿಲ್ಲ. ಲಿನಕ್ಸಿನಲ್ಲಿ ಡೆವ್ ಫೋಲ್ಡರಿನೊಳಗೆ ಫುಲ್ ಎಂಬ ಡಿವೈಸ್ ಇದೆ. ಅದಕ್ಕೆ ಏನು ಬರೆದರೂ ಜಾಗವಿಲ್ಲ ಎಂಬ 28ನೇ ದೋಷ ಬರುತ್ತದೆ. ನಿಮ್ಮ ಪ್ರಯೋಗಾಲಯದ ಮೊದಲ ಸಿ ಪ್ರೋಗ್ರಾಮನ್ನು, ಅಂದರೆ ಒಂದು ಸಾಲು ಮುದ್ರಿಸಿ ಸೊನ್ನೆ ಹಿಂದಿರುಗಿಸುವ ಅದನ್ನೇ, ಔಟ್‌ಪುಟ್ಟನ್ನು ಆ ಡಿವೈಸಿಗೆ ತಿರುಗಿಸಿ ಓಡಿಸಿ, ಎಕ್ಸಿಟ್ ಸ್ಟೇಟಸ್ (ಮುಗಿದಾಗ ಪ್ರೋಗ್ರಾಮು ಕೊಡುವ ಸಂಖ್ಯೆ, ಸೊನ್ನೆ ಎಂದರೆ ಯಶಸ್ಸು) ನೋಡಿ. ಪ್ರಿಂಟ್‌ಎಫ್ ಬರೆದದ್ದು ಬಫರಿಗೆ (ಮೆಮೊರಿಯ ತಾತ್ಕಾಲಿಕ ಸಂಗ್ರಹಕ್ಕೆ), ಬಫರ್ ಖಾಲಿಯಾಗುವುದು ಮೇನ್ ಮುಗಿದ ಮೇಲೆ, ಆಗ ಬಂದ ದೋಷವನ್ನು ಕೇಳುವವರಾರೂ ಉಳಿದಿರುವುದಿಲ್ಲ. ಒಂದು ಅಕ್ಷರವೂ ಎಲ್ಲಿಗೂ ತಲುಪದಿದ್ದರೂ ಸ್ಟೇಟಸ್ ಸೊನ್ನೆಯೇ ಬರುತ್ತದೆ. ಅದಾದ ಮೇಲೆ ನೀವು ಲೆಕ್ಸ್ ಮತ್ತು ಯಾಕ್ ಬಳಸಿ ಕಟ್ಟಿದ ಪುಟ್ಟ ಕಂಪೈಲರಿನ ಔಟ್‌ಪುಟ್ಟನ್ನೂ ಅಲ್ಲಿಗೇ ಕಳಿಸಿ, ಅದು ಯಾವ ಸಂಖ್ಯೆ ಹಿಂದಿರುಗಿಸುತ್ತದೆ ಎಂದು ಗುರುತು ಹಾಕಿಕೊಂಡು, ಮೇನ್ ಮುಗಿಯುವ ಮುನ್ನ ಬಫರನ್ನು ಖಾಲಿ ಮಾಡಿ ಉತ್ತರ ಪರೀಕ್ಷಿಸುವ ನಾಲ್ಕು ಸಾಲುಗಳನ್ನು ಸೇರಿಸಿ ಮತ್ತೊಮ್ಮೆ ಓಡಿಸಿ.